ಉಪ್ಪಿಟ್ಟಿನ ಹಿಂದೆ ಲಡಾಖಿಗೆ

ಬಿಂದುಮಾಧವರಾಯರಿಗೆ ಎತ್ತರವೆಂದರೆ ಭಯ ಎಂದು ಹೇಳಿದರೆ ಅದು ಪೂರ್ತಿ ಸರಿಯಾಗುವುದಿಲ್ಲ. ಎತ್ತರವನ್ನು ಕೆಳಗೆ ಕೂತು ನೋಡುವುದರಲ್ಲಿ ಅವರಿಗೆ ಯಾವ ತಕರಾರೂ ಇರಲಿಲ್ಲ. ಸಂಜೆಯ ಹೊತ್ತು ಚಾಮರಾಜಪುರದ ತಮ್ಮ ಮನೆಯ ಜಗಲಿಯಲ್ಲಿ ಕಾಫಿ ಲೋಟ ಹಿಡಿದು ಕೂತು, ಚಾಮುಂಡಿ ಬೆಟ್ಟದ ಮೈಮೇಲೆ ಒಂದೊಂದಾಗಿ ದೀಪ ಹತ್ತುವುದನ್ನು ಅವರು ಎಷ್ಟೋ ವರ್ಷ ಮೆಚ್ಚಿ ನೋಡಿದ್ದರು. ಕಷ್ಟ ಶುರುವಾಗುತ್ತಿದ್ದುದು ತಾವು ಮೇಲೆ, ನೆಲ ಕೆಳಗೆ ಎಂದಾದಾಗ. ಆಗ ಅಂಗಾಲಿನಲ್ಲಿ ಇರುವೆ ಹರಿದಂತಾಗಿ, ಮೊಣಕಾಲುಗಳು ಹಳೆಯ ಕೊಡೆಯ ಹಾಗೆ ತಮ್ಮಷ್ಟಕ್ಕೆ ತಾವೇ ಮಡಚಿಕೊಳ್ಳುತ್ತಿದ್ದವು.

ಮನೆಯಲ್ಲಿ ಬಲ್ಬು ಹೋದರೆ ಸ್ಟೂಲು ಹತ್ತುತ್ತಿದ್ದವಳು ಹೆಂಡತಿ ಶಾರದ. ರಾಯರು ಕೆಳಗೆ ನಿಂತು ಸ್ಟೂಲು ಹಿಡಿದುಕೊಳ್ಳುತ್ತಿದ್ದರು. ಹತ್ತಿದವಳಿಗಿಂತ ಹಿಡಿದವರಿಗೇ ಹೆಚ್ಚು ಬೆವರುತ್ತಿತ್ತು. ಮಾಳಿಗೆ ಮನೆ ಕಡಿಮೆ ಬಾಡಿಗೆಗೆ ಸಿಗುತ್ತಿದ್ದಾಗಲೂ ಬೇಡವೆಂದು, ನೆಲದ ಮೇಲಿನ ಈ ಎರಡು ಕೋಣೆಯ ಮನೆಯನ್ನು ಹಿಡಿದವರು ಅವರು. ಅವರ ತಾತ ಅರಮನೆಯ ಆನೆಲಾಯದಲ್ಲಿ ಗುಮಾಸ್ತೆಯಾಗಿದ್ದರು. ಆನೆಗೆ ಎಷ್ಟು ಹುಲ್ಲು ಬಂತು, ಎಷ್ಟು ಬೆಲ್ಲ ಹೋಯಿತು ಎಂದು ಜೀವಮಾನವೆಲ್ಲ ಬರೆದರೇ ಹೊರತು ಒಂದು ದಿನ ಆನೆ ಹತ್ತಲಿಲ್ಲವಂತೆ. ತಮ್ಮ ಭಯಕ್ಕೆ ಅರಮನೆಯ ಕಾಲದ ಪರಂಪರೆ ಇದೆ ಎಂದು ರಾಯರು ಶಾರದೆಯ ಮುಂದೆ ಹೇಳಿಕೊಳ್ಳುವುದಿತ್ತು.

ಆದರೆ ಆಫೀಸಿನಲ್ಲಿ ಅವರಿಗೆ ಬೇರೆಯೇ ಹೆಸರಿತ್ತು, ಮತ್ತು ಆ ಹೆಸರಿಗೆ ಕಾರಣ ಒಂದು 'ಹೂಂ'.

ಶಾರದ ಆಷಾಢದ ಪ್ರತಿ ಶುಕ್ರವಾರ ನಸುಕಿನಲ್ಲೇ ಎದ್ದು ಮೆಟ್ಟಿಲು ಹತ್ತಿ ಚಾಮುಂಡಿಯ ದರ್ಶನ ಮಾಡಿ ಬರುತ್ತಿದ್ದಳು. ರಾಯರು ಜೊತೆಗೆ ಹೋಗುತ್ತಿದ್ದರು, ಪಾದದವರೆಗೆ. ಅಲ್ಲಿ ಒಂದು ಮರದ ಕೆಳಗೆ ಕಲ್ಲಿನ ಮೇಲೆ ಕೂತು, ಇಬ್ಬರ ಚಪ್ಪಲಿಯನ್ನೂ ಕಾಯುತ್ತ ಪೇಪರು ಓದುತ್ತಿದ್ದರು. ಅವಳು ಇಳಿದು ಬಂದು ಕೊಟ್ಟ ಕುಂಕುಮ, ಹೂವು, ತೆಂಗಿನ ಹೋಳನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಆಫೀಸಿನಲ್ಲಿ ಎಲ್ಲರಿಗೂ ಹಂಚುತ್ತಿದ್ದರು. ಮೊದಲ ವರ್ಷ ಯಾರೋ, "ಬೆಟ್ಟಕ್ಕೆ ಹೋಗಿದ್ರಾ ರಾಯರೇ?" ಎಂದು ಕೇಳಿದರು. ರಾಯರು "ಹೂಂ" ಎಂದರು. ಅದು ಸುಳ್ಳಲ್ಲ, ಬೆಟ್ಟಕ್ಕೆ ಹೋಗಿದ್ದರು. ಎಷ್ಟು ದೂರ ಹೋಗಿದ್ದಿರಿ ಎಂದು ಯಾರೂ ಕೇಳಲಿಲ್ಲ. ವರ್ಷ ಕಳೆದಂತೆ ಆ 'ಹೂಂ' ತಾನಾಗಿ ಬೆಳೆದು, ರಾಯರು ಒಂದೇ ಉಸಿರಿಗೆ ಬೆಟ್ಟ ಹತ್ತುವವರು, ಅದಕ್ಕೇ ಮೈ ಅಷ್ಟು ಸಣ್ಣಗಿದೆ ಎಂಬಲ್ಲಿಗೆ ಬಂದಿತ್ತು. ಮೈ ಸಣ್ಣಗಿದ್ದುದು ಅಜೀರ್ಣದಿಂದ.

ಅವರು ಕೆಲಸ ಮಾಡುತ್ತಿದ್ದುದು ಗಡಿಯಲ್ಲಿರುವ ಸೈನಿಕರಿಗೆ ಕೆಡದಂಥ ಊಟ ತಯಾರಿಸುವ ಒಂದು ಸರ್ಕಾರಿ ಪ್ರಯೋಗಾಲಯದಲ್ಲಿ. ಚೀನಾದ ಜೊತೆ ಯುದ್ಧ ಮುಗಿದು ಎರಡು ವರ್ಷವಾಗಿತ್ತು. ಲಡಾಖಿನ ಚಳಿಯಲ್ಲಿ ಕೂತ ಹುಡುಗರಿಗೆ ಏನು ಕಳಿಸುವುದು, ಹೇಗೆ ಕಳಿಸುವುದು ಎಂಬುದೇ ಅಲ್ಲಿ ಎಲ್ಲರ ತಲೆನೋವು. ರಾಯರ ಪಾಲಿಗೆ ಬಂದದ್ದು ಉಪ್ಪಿಟ್ಟು. ರವೆಯನ್ನು ಹದವಾಗಿ ಹುರಿದು, ಒಗ್ಗರಣೆ ಬೆರೆಸಿ, ತೇವವೆಲ್ಲ ಆರಿಸಿ ಪೊಟ್ಟಣ ಮಾಡಬೇಕು. ತಿನ್ನುವವನು ಕುದಿಯುವ ನೀರು ಸುರಿದು ಮುಚ್ಚಳ ಮುಚ್ಚಿಟ್ಟರೆ ಸಾಕು, ಉಪ್ಪಿಟ್ಟಾಗಬೇಕು. ಇದಕ್ಕಾಗಿ ರಾಯರು ಎಷ್ಟು ರವೆ ಹುರಿದಿದ್ದರೆಂದರೆ ಅವರ ಕೋಟನ್ನು ಬಿಸಿಲಿಗೆ ಹಾಕಿದರೆ ಕರಿಬೇವಿನ ವಾಸನೆ ಬರುತ್ತಿತ್ತು. ಹಿಂದಿನ ಚಳಿಗಾಲ ಮೊದಲ ಕಂತು ಲಡಾಖಿಗೆ ಹೋಯಿತು. ಅಲ್ಲಿಂದ ಬಂದ ಅಭಿಪ್ರಾಯ ಎರಡೇ ಮಾತಿನದು: ಹಸಿ, ಮರಳು.

ರಾಯರು ಆ ದಿನ ಮನೆಗೆ ಬಂದು ಊಟ ಮಾಡಲಿಲ್ಲ. ಯಾರೋ ಶಾರದೆಯ ಅಡಿಗೆಯನ್ನೇ ಹಳಿದಷ್ಟು ನೋವಾಗಿತ್ತು. "ಮುಚ್ಚಳ ತೆಗೆದಿದ್ದಾರೆ. ಕಾಯೋದಕ್ಕೆ ಯಾರಿಗೂ ಪುರಸೊತ್ತಿಲ್ಲ," ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಜೂನ್ ತಿಂಗಳ ಒಂದು ಮಧ್ಯಾಹ್ನ ವಿಭಾಗದ ಮುಖ್ಯಸ್ಥರಾದ ಸದಾಶಿವಯ್ಯನವರು ಅವರನ್ನು ಕರೆಸಿದರು. ಸದಾಶಿವಯ್ಯನವರು ಹಣೆಯ ಮೇಲೆ ವಿಭೂತಿ, ಮೇಜಿನ ಮೇಲೆ ಒಂದೇ ಒಂದು ಪೆನ್ಸಿಲು ಇಟ್ಟುಕೊಂಡು ಕೂರುವವರು. ನಕ್ಕದ್ದನ್ನು ಯಾರೂ ಕಂಡಿರಲಿಲ್ಲ.

"ಸೆಪ್ಟೆಂಬರಿನಲ್ಲಿ ಇನ್ನೊಂದು ಸಲ ಪರೀಕ್ಷೆ ಮಾಡ್ತಾರಂತೆ. ಇದೇ ಕಡೇದು. ಈ ಸಲವೂ ಹಸಿ ಅಂದ್ರೆ ಉಪ್ಪಿಟ್ಟು ಬಿಟ್ಟುಬಿಡಿ ಅಂತ ಮೇಲಿನವರ ಮಾತು. ಶ್ರೀನಗರದಿಂದ ಲೇಹ್‌ವರೆಗೆ ಲಾರಿಯಲ್ಲೇ ಹೋಗಬೇಕು. ಆ ಕುಲುಕಾಟಕ್ಕೆ ಪೊಟ್ಟಣ ತಡೀತದೋ ಇಲ್ಲವೋ ಅದನ್ನೂ ನೋಡಬೇಕಲ್ಲ. ನಮ್ಮವರು ಒಬ್ಬರು ಜೊತೆಗಿರಲಿ ಅಂತಾರೆ."

"ಒಳ್ಳೇದೇ ಆಯ್ತು ಸಾರ್."

"ಎತ್ತರದ ಜಾಗ. ಎಲ್ಲರ ಕೈಲೂ ಆಗಲ್ಲ. ನೀವಾದ್ರೆ ಅಭ್ಯಾಸ ಇರೋರು, ವರ್ಷಾ ವರ್ಷ ಬೆಟ್ಟದ ಕುಂಕುಮ ನಿಮ್ಮ ಕೈಯಿಂದಲೇ ಇಟ್ಕೊಂಡಿದ್ದೀನಿ. ಆಗಲ್ಲ ಅಂದ್ರೆ ಹೇಳಿ, ನಂಜುಂಡಯ್ಯನ್ನ ಕಳಿಸ್ತೀನಿ."

ನಂಜುಂಡಯ್ಯ ಪಕ್ಕದ ಮೇಜಿನವನು, ಅವನ ಪಾಲಿಗೆ ಬಂದದ್ದು ಚಪಾತಿ. ಮನೆಯಲ್ಲಿ ಬೇರೇನೂ ಇಲ್ಲದಾಗ ಮಾಡುವುದು ಉಪ್ಪಿಟ್ಟು ಎಂಬುದು ಅವನ ಅಭಿಪ್ರಾಯ, ಅದನ್ನವನು ಬಚ್ಚಿಟ್ಟವನೂ ಅಲ್ಲ. ಅವನ ಕೈಗೆ ತಮ್ಮ ಪೊಟ್ಟಣಗಳನ್ನು ಒಪ್ಪಿಸುವುದನ್ನು ನೆನೆದೊಡನೆ ರಾಯರ ಬಾಯಿಂದ, "ನಾನೇ ಹೋಗ್ತೀನಿ ಸಾರ್," ಎಂಬ ಮಾತು ಹೊರಟಿತು. ಕಾಲು ನಡುಗಲು ಶುರುವಾದದ್ದು ಬಾಗಿಲು ದಾಟಿ ಹೊರಗೆ ಬಂದ ಮೇಲೆ. ಆ ಬಾಗಿಲಿಗೆ ಒಂದೇ ಒಂದು ಮೆಟ್ಟಿಲಿತ್ತು.

ಶಾರದ ಸುದ್ದಿ ಕೇಳಿ ಒನಕೆಯಂತೆ ನಿಂತುಬಿಟ್ಟಳು.

"ಅದು ಎಷ್ಟು ಎತ್ತರ?"

"ನಮ್ಮ ಬೆಟ್ಟದ ಮೇಲೆ ಇನ್ನೊಂದು ಬೆಟ್ಟ ಇಟ್ಟು, ಅದರ ಮೇಲೆ ಮತ್ತೊಂದು ಇಟ್ಟು, ಆಮೇಲೂ ಸ್ವಲ್ಪ ಹತ್ತಬೇಕಂತೆ."

"ಅಟ್ಟದ ಮೇಲಿಂದ ಉಪ್ಪಿನಕಾಯಿ ಜಾಡಿ ಇಳಿಸಿಕೊಡಿ ಅಂದ್ರೆ, ಹಳೇದು ಮುಗೀಲಿ ಅಂತ ಯುಗಾದಿಯಿಂದ ಮುಂದೂಡ್ತಾ ಇದ್ದೀರಿ."

"ಅದು ಬೇರೆ, ಇದು ಬೇರೆ. ಇದು ಮರುಭೂಮಿ ಕಣೇ. ಮರುಭೂಮಿ ಅಂದ್ರೆ ಸಮತಟ್ಟಾಗಿರತ್ತೆ."

ಮರುಭೂಮಿ ಎಂಬ ಮಾತನ್ನು ರಾಯರು ಒಂದು ಹಗ್ಗದ ಹಾಗೆ ಹಿಡಿದುಕೊಂಡಿದ್ದರು. ಮಳೆಯಿಲ್ಲ, ಮರವಿಲ್ಲ, ಬರೀ ಮರಳು. ಮರಳಿಗೆ ಏಳುಬೀಳು ಎಲ್ಲಿಂದ ಬರಬೇಕು? ಒಂಟೆಗಳು ಸಾಲಾಗಿ ನಡೆಯುವ ಚಿತ್ರವೊಂದು ಅವರ ಮನಸ್ಸಿನಲ್ಲಿತ್ತು. ಆದರೆ ಆಫೀಸಿನಿಂದ ಅಲ್ಲಿನ ನಕ್ಷೆ ತಂದು ಅಂಗಳದಲ್ಲಿ ಹರಡಿದಾಗ ಆ ಚಿತ್ರ ಉಳಿಯಲಿಲ್ಲ. ಎತ್ತರ ತೋರಿಸುವ ಕಂದು ಗೆರೆಗಳು ನೆರೆದ ಕೂದಲಿನ ಸಿಕ್ಕಿನಂತೆ ಒತ್ತೊತ್ತಾಗಿದ್ದವು. ಅವುಗಳ ನಡುವೆ ದಾರಿ ಒಂದು ಕೆಂಪು ದಾರದ ಎಳೆಯ ಹಾಗೆ ಹೆದರಿ ಹೆದರಿ ಹೋಗುತ್ತಿತ್ತು. ರಾಯರು ಅದರ ಮೇಲೆ ಬೆರಳಿಟ್ಟು ಸ್ವಲ್ಪ ದೂರ ಹೋದರು. ಒಂದು ಕಣಿವೆಯ ತಿರುವಿನಲ್ಲಿ ತಲೆ ಸುತ್ತಿದಂತಾಗಿ ಬೆರಳು ತೆಗೆದು, ಒಂದು ಲೋಟ ನೀರು ಕುಡಿದರು. ಕಾಗದದ ಮೇಲಿನ ಬೆಟ್ಟಕ್ಕೇ ಹೀಗಾದರೆ ಕಲ್ಲಿನ ಬೆಟ್ಟಕ್ಕೆ ಹೇಗೆ ಎಂದು ತಮ್ಮನ್ನೇ ಕೇಳಿಕೊಂಡು, ಉತ್ತರ ಬರುವ ಮೊದಲೇ ನಕ್ಷೆ ಮಡಚಿಟ್ಟರು.

ಆದರೂ ಅವರು ಪ್ರಯೋಗಾಲಯದ ಮನುಷ್ಯ. ಯಾವುದನ್ನಾದರೂ ದಿನಾ ಸ್ವಲ್ಪ ಸ್ವಲ್ಪ ಮಾಡಿ ನೋಡಿದರೆ ಅದು ಹದಕ್ಕೆ ಬರುತ್ತದೆ ಎಂದು ನಂಬಿದವರು. ಹಾಗಾಗಿ ಸಂಜೆ ಕಾಫಿಯಾದ ಮೇಲೆ ಸ್ಟೂಲಿನ ಮೇಲೆ ನಿಲ್ಲುವ ಅಭ್ಯಾಸ ಆರಂಭಿಸಿದರು. ಈಗ ಹಿಡಿದುಕೊಳ್ಳುವ ಸರದಿ ಶಾರದೆಯದು. ಒಂದು ವಾರದ ಕೊನೆಗೆ, ಬಾಗಿಲ ಚೌಕಟ್ಟನ್ನು ಕೂಡ ಬಿಟ್ಟು, ಎರಡೂ ಕೈ ಕಟ್ಟಿಕೊಂಡು ನಿಂತರು.

"ನೋಡಿದೆಯಾ, ಏನೂ ಆಗ್ತಾ ಇಲ್ಲ."

"ಕಣ್ಣು ಮುಚ್ಕೊಂಡಿದ್ದೀರಿ," ಎಂದಳು ಶಾರದ. "ಕಣ್ಣು ಮುಚ್ಕೊಂಡ್ರೆ ಸ್ಟೂಲೂ ಒಂದೇ, ಚಾಪೆಯೂ ಒಂದೇ."

ಲಾರಿಯಲ್ಲಿ ಎಲ್ಲಿ ಕೂರಬೇಕೆಂಬುದು ಇನ್ನೊಂದು ಯೋಜನೆ. ಅದಕ್ಕಾಗಿ ಅವರು ಆಫೀಸಿನ ಜೀಪು ಓಡಿಸುವ ಹಿನಕಲ್ಲಿನ ಮಹದೇವುವನ್ನು ಹಿಡಿದರು. ಮಹದೇವು ಊಟಿಯ ಘಾಟಿಯಲ್ಲಿ ಎಷ್ಟೋ ಸಲ ಗಾಡಿ ಹೊಡೆದವನು. ಹುಣಸೆಮರದ ಕೆಳಗೆ ಬೀಡಿ ಸೇದುತ್ತ ಕೂತಿದ್ದವನ ಪಕ್ಕದಲ್ಲಿ ರಾಯರು ಏನೋ ಲೋಕಾಭಿರಾಮ ಆಡುವವರ ಹಾಗೆ ಕೂತು ಕೇಳಿದರು.

"ಅಲ್ಲಾ ಮಹದೇವು, ಘಾಟಿಯಲ್ಲಿ ಗಾಡಿ ಹತ್ತುವಾಗ ಯಾವ ಕಡೆ ಕೂತರೆ ಕಣಿವೆ ಕಾಣೋದಿಲ್ಲ?"

"ಒಂದು ತಿರುವಲ್ಲಿ ಎಡಕ್ಕೆ ಕಾಣ್ತದೆ, ಇನ್ನೊಂದು ತಿರುವಲ್ಲಿ ಬಲಕ್ಕೆ ಕಾಣ್ತದೆ ಸೋಮಿ. ಕಣಿವೆ ಏನು ಆಪೀಸ್ನೋರಂಗೆ ಒಂದೇ ಕಡೆ ಕುಂತಿರ್ತದಾ?"

"ಮಧ್ಯ ಕೂತರೆ?"

"ಮಧ್ಯ ಕುಂತ್ರೆ ಎರಡೂ ಕಾಣ್ತದೆ." ಮಹದೇವು ಬೀಡಿಯನ್ನು ನೆಲಕ್ಕೆ ಒತ್ತಿ ಅವರನ್ನು ಓರೆಗಣ್ಣಿಂದ ನೋಡಿದ. "ನೀವ್ಯಾಕೆ ಸೋಮಿ ಕೇಳೀರಿ? ವರ್ಸಾ ವರ್ಸ ಬೆಟ್ಟ ಅತ್ತೋರು."

"ಸುಮ್ಮನೆ. ತಿಳ್ಕೊಂಡಿರೋಣ ಅಂತ."

ಶಾರದ ಗಂಡನ ಯೋಜನೆಗಳನ್ನು ಬಹಳ ನಂಬಿದವಳಲ್ಲ. ಅವಳು ತನ್ನದೇ ಒಂದು ಏರ್ಪಾಡು ಮಾಡಿಕೊಂಡಿದ್ದಳು. ಇವರು ಹೋಗಿ ಸುಖವಾಗಿ ಬರಲಿ, ಆಷಾಢದ ಕೊನೆಯ ಶುಕ್ರವಾರ ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಇಟ್ಟು ಹತ್ತಿ ಬರುತ್ತೇನೆ ಎಂದು ಚಾಮುಂಡಿಗೆ ಹರಕೆ ಹೊತ್ತಿದ್ದಳು. ತಟ್ಟೆ ಬೆಳಗಿ, ಅರಿಶಿನ ಜರಡಿ ಹಿಡಿದು, ಎಲ್ಲ ಸಿದ್ಧ ಮಾಡಿಟ್ಟಳು. ಗುರುವಾರ ಸಂಜೆ ರಾಯರು ಮನೆಗೆ ಬಂದಾಗ ಒಲೆ ಹಚ್ಚಿರಲಿಲ್ಲ. ಹಿತ್ತಿಲ ಕಡೆಯ ಕೋಣೆಯಲ್ಲಿ ಚಾಪೆ ಹಾಸಿತ್ತು. ಶಾರದ ಹೊರಗಾಗಿದ್ದಳು. ಇನ್ನು ಮೂರು ದಿನ ಅವಳು ಒಳಗೆ ಬರುವಂತಿಲ್ಲ, ಏನನ್ನೂ ಮುಟ್ಟುವಂತಿಲ್ಲ.

ರಾಯರು ಬಾವಿಕಟ್ಟೆಯ ಪಕ್ಕ, ಅಲ್ಲೂ ಒಳಗೆ ಇಣುಕದಷ್ಟು ದೂರದಲ್ಲಿ, ನಿಂತರು.

"ಮುಂದಿನ ವರ್ಷ ತೀರಿಸಿದ್ರೆ ಆಗಲ್ವಾ?"

"ನೀವು ಹೋಗೋದು ಈ ವರ್ಷ. ಅಮ್ಮನ ಹತ್ತಿರ ಮುಂದಿನ ವರ್ಷ ಅಂತ ಸಾಲ ಹೇಳೋಕಾಗತ್ತಾ?"

"ಯಾರಾದ್ರೂ ಮುತ್ತೈದೆಯರ ಕೈಲಿ ಮಾಡಿಸೋಣ."

"ಮನೆಯವರೇ ತೀರಿಸಬೇಕು. ಮನೇಲಿರೋದು ನಾನು, ನೀವು. ನಾನು ಇಲ್ಲಿ ಕೂತಿದ್ದೀನಿ."

ಆಷಾಢದ ಗಾಳಿ ಹಿತ್ತಿಲಿನ ಬಾಳೆ ಎಲೆಗಳನ್ನು ಸೀಳುತ್ತಿತ್ತು. ಆಮೇಲೆ ಶಾರದ ಮೆಲ್ಲಗೆ ಹೇಳಿದಳು: "ಒಂದು ಮಾತು ಹೇಳ್ತೀನಿ ಕೇಳಿ. ಬಗ್ಗಿ ಕುಂಕುಮ ಇಡ್ತಾ ಹೋದ್ರೆ ಮೇಲೆ ನೋಡೋಕೆ ಪುರಸೊತ್ತಿರಲ್ಲ, ಕೆಳಗೆ ನೋಡೋಕೂ ಇರಲ್ಲ. ಇಷ್ಟು ವರ್ಷ ಹತ್ತಿದ್ದೀನಿ, ನಾನು ಬೆಟ್ಟ ನೋಡಿಯೇ ಇಲ್ಲ. ಬರೀ ಮೆಟ್ಟಿಲು ನೋಡಿದ್ದೀನಿ."

ರಾಯರಿಗೆ ಇದು ಕೂಡಲೇ ಹಿಡಿಸಿತು. ಸ್ಟೂಲು, ನಕ್ಷೆ, ಮಹದೇವು ಯಾವುದೂ ಕೊಡದ ಒಂದು ವಿಧಾನ ಇಲ್ಲಿ ಸಿಕ್ಕಿತ್ತು. ಇದು ಬೆಟ್ಟದಲ್ಲಿ ನಡೆದರೆ ಲಡಾಖಿನಲ್ಲೂ ನಡೆಯುತ್ತದೆ. ನಡೆಯದಿದ್ದರೆ ಪೊಟ್ಟಣಗಳನ್ನು ನಂಜುಂಡಯ್ಯನಿಗೆ ಒಪ್ಪಿಸಬೇಕು. ರಾತ್ರಿ ತಾವೇ ಅನ್ನ ಬೇಯಿಸಿಕೊಂಡು ಉಂಡು, ಗೆದ್ದವರಂತೆ ಮಲಗಿದರು.

ಬೆಳಿಗ್ಗೆ ಬೆಟ್ಟದ ಪಾದದಲ್ಲಿ ತುಂತುರು ಬೀಳುತ್ತಿತ್ತು. ಮೆಟ್ಟಿಲ ತುಂಬ ಬಗ್ಗಿದ ಬೆನ್ನುಗಳು, ಒದ್ದೆ ಜಡೆಗಳು, ಬಳೆಯ ಸದ್ದು. ಆ ಹೆಂಗಸರ ನಡುವೆ ಕಚ್ಚೆ ಬಿಗಿದು, ಕೈಯಲ್ಲಿ ತಟ್ಟೆ ಹಿಡಿದ ರಾಯರು ಒಬ್ಬರೇ ಗಂಡಸು. ಬೇರೆ ಗಂಡಸರೆಲ್ಲ ಪಕ್ಕದಲ್ಲಿ ದಪದಪ ಹತ್ತಿ ಹೋಗುತ್ತಿದ್ದರು. ರಾಯರು ಮೊದಲ ಮೆಟ್ಟಿಲಿಗೆ ಅರಿಶಿನ ಇಟ್ಟರು, ಕುಂಕುಮ ಇಟ್ಟರು, ಮುಟ್ಟಿ ನಮಸ್ಕರಿಸಿ ಮೇಲಿನದಕ್ಕೆ ಹೋದರು. ಪಕ್ಕದಲ್ಲೇ ವಯಸ್ಸಾದ ಒಬ್ಬ ತಾಯಿ ಅವರಿಗಿಂತ ಬೇಗ ಬೇಗ ಕುಂಕುಮ ಇಡುತ್ತ ಬರುತ್ತಿದ್ದರು.

"ಏನಪ್ಪಾ, ಹೆಂಡ್ತಿ ಎಲ್ಲಿ?"

"ಮನೇಲಿ ತಾಯಿ."

"ಹೊರಗಾ?"

"ಹೂಂ."

"ಅದಕ್ಕೇ ನಿನ್ನ ಓಡ್ಸವ್ಳೆ. ಅಷ್ಟೊಂದು ಕುಂಕುಮ ಮೆತ್ತಬ್ಯಾಡ ಕಣಪ್ಪಾ, ನಂದಿ ತಾವ ಬರೋ ಹೊತ್ಗೆ ತಟ್ಟೆ ಖಾಲಿ ಆಯ್ತದೆ. ಉಪ್ಪಿನಂಗೆ ಒಂದು ಚಿಟಿಕೆ ಸಾಕು."

ಉಪ್ಪಿನ ಲೆಕ್ಕದಲ್ಲಿ ಹೇಳಿದ್ದು ರಾಯರಿಗೆ ಚೆನ್ನಾಗಿ ಅರ್ಥವಾಯಿತು. ಆಮೇಲೆ ಅವರ ಕೈ ತಾನಾಗಿ ಹದ ಹಿಡಿಯಿತು. ಕಲ್ಲಿನ ಮೇಲಿನ ಹಳೆಯ ಬಿರುಕು, ಬಿರುಕಿನಲ್ಲಿ ಹಸಿರು ಪಾಚಿ, ಯಾರೋ ಇಟ್ಟ ಕನಕಾಂಬರದ ಒಂದೇ ಒಂದು ಹೂವು, ಮಳೆಗೆ ಕರಗಿ ಹರಿಯುವ ಅರಿಶಿನದ ಗೆರೆ. ಲೋಕ ಅಷ್ಟೇ ಆಗಿತ್ತು, ಒಂದು ಮೊಳ ಅಗಲ. ದೊಡ್ಡ ನಂದಿಯ ಹತ್ತಿರ ಎಲ್ಲರೂ ನಿಂತು ಉಸಿರು ತೆಗೆದುಕೊಂಡಾಗಲೂ ರಾಯರು ನಂದಿಯ ಗೊರಸನ್ನಷ್ಟೇ ನೋಡಿ ಮುಂದೆ ಹೋದರು. ಕೊನೆಯ ಮೆಟ್ಟಿಲಿಗೆ ಕುಂಕುಮ ಇಟ್ಟಾಗ ಬೆನ್ನು ಹಿಡಿದುಕೊಂಡಿತ್ತು, ಆದರೆ ಎದೆ ಹಗುರವಾಗಿತ್ತು. ದರ್ಶನ ಮಾಡಿ, ಇಷ್ಟು ವರ್ಷದ ಮೇಲೆ ಮೊದಲ ಬಾರಿಗೆ ತಮ್ಮ ಕೈಯಿಂದಲೇ ಪ್ರಸಾದ ತೆಗೆದುಕೊಂಡರು. ಲಡಾಖು ಇನ್ನೇನು, ಮುಗಿದ ಹಾಗೆಯೇ ಎಂದು ತಮಗೆ ತಾವೇ ಹೇಳಿಕೊಂಡು ಇಳಿಯುವ ಕಡೆ ತಿರುಗಿದರು.

ಇಳಿಯುವ ವಿಷಯವನ್ನು ಅವರೂ ಯೋಚಿಸಿರಲಿಲ್ಲ, ಶಾರದೆಯೂ ಹೇಳಿರಲಿಲ್ಲ. ಕುಂಕುಮ ಇಡುವುದು ಹತ್ತುವಾಗ ಮಾತ್ರ.

ಮೋಡ ಸರಿದು ಕೆಳಗೆ ಊರೆಲ್ಲ ಬಿದ್ದಿತ್ತು. ಕಾರಂಜಿ ಕೆರೆ ಯಾರೋ ಕೈಜಾರಿ ಬೀಳಿಸಿದ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಅರಮನೆಯ ಗೋಪುರಗಳು ಬೊಂಬೆ ಹಬ್ಬದಲ್ಲಿ ಜೋಡಿಸಿಟ್ಟವುಗಳಷ್ಟು ಸಣ್ಣಗಿದ್ದವು. ತಾವು ಹುಟ್ಟಿದ ಊರು ಇಷ್ಟು ಚೆಂದವೆಂದು ರಾಯರಿಗೆ ಗೊತ್ತಿರಲಿಲ್ಲ. ಅದನ್ನು ಪೂರ್ತಿ ಒಪ್ಪಿಕೊಳ್ಳುವ ಮೊದಲೇ ಗಾಳಿ ಬೀಸಿತು, ಮೊಣಕಾಲು ಮಡಚಿಕೊಂಡವು, ಅವರು ಮೇಲಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ಬಸ್ಸಿಗೆ ಹೋಗೋಣವೆಂದರೆ ಅದಕ್ಕೂ ಎದ್ದು ನಿಲ್ಲಬೇಕಿತ್ತು.

"ಇದ್ಯಾಕಪ್ಪಾ ದಾರೀಲಿ ಕೂತ್ಬುಟ್ಟೆ?" ಎಂದು ಅದೇ ತಾಯಿ ಬಂದರು.

"ಸ್ವಲ್ಪ ಸುಧಾರಿಸ್ಕೋತಾ ಇದ್ದೀನಿ ತಾಯಿ."

"ಅತ್ತುವಾಗ ಸುಧಾರಿಸ್ಕೊಳ್ದೋನು ಇಳಿಯೋಕೆ ಏನ್ ಸುಧಾರಿಸ್ಕೊಂಡೀಯೆ?"

"ಯಾರವ್ವಾ ಅದು?" ಎಂದು ಹಿಂದಿನಿಂದ ಒಂದು ದನಿ ಕೇಳಿತು. ಆ ದನಿಯ ಗುರುತು ಹತ್ತಿ ರಾಯರು ಕಣ್ಣು ಮುಚ್ಚಿಕೊಂಡರು. ಅವ್ವನ ಜೊತೆಗೆ ಬಂದಿದ್ದ ಸದಾಶಿವಯ್ಯನವರು ಮುಂದೆ ಬಂದು ನೋಡಿದರು. ಆಮೇಲೆ ಪಂಚೆ ಎತ್ತಿಕೊಂಡು ರಾಯರ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತರು.

"ಭಯಾನಾ?"

"ಹೌದು ಸಾರ್."

"ಯಾವಾಗಿನಿಂದ?"

"ನಡೆಯೋದು ಕಲಿತಾಗಿನಿಂದ ಇರಬೇಕು."

"ಮತ್ತೆ ಇಷ್ಟು ವರ್ಷದ ಕುಂಕುಮ?"

"ನಮ್ಮ ಶಾರದ ಹತ್ತಿ ತರ್ತಿದ್ದಳು. ನಾನು ಕೆಳಗೆ ಚಪ್ಪಲಿ ಕಾಯ್ತಿದ್ದೆ."

ಸದಾಶಿವಯ್ಯನವರ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಸದಾಶಿವಯ್ಯನವರು ನಗಲಿಲ್ಲ. ಸ್ವಲ್ಪ ಹೊತ್ತು ಊರು ನೋಡಿದರು.

"ಆಗಲಿ ಬಿಡಿ. ನಂಜುಂಡಯ್ಯನಿಗೆ ಹೇಳ್ತೀನಿ."

"ಬೇಡ ಸಾರ್." ರಾಯರು ಕಣ್ಣು ತೆರೆದರು. "ಅವರು ಮುಚ್ಚಳ ತೆಗೀತಾರೆ."

"ಏನು?"

"ನೀರು ಹಾಕಿದ ಮೇಲೆ ಮುಚ್ಚಳ ತೆಗೀಬಾರದು. ಅವರಿಗೆ ತಾಳ್ಮೆಯಿಲ್ಲ. ಎರಡು ಸಲ ಇಣುಕಿ ನೋಡ್ತಾರೆ, ಹಸಿ ಅಂತ ಬರೆದು ಬರ್ತಾರೆ."

"ನೀವು ಇಲ್ಲಿಂದ ಮನೆಗೆ ಹೋಗೋದು ಹೇಗೆ ಅಂತ ನಾನು ಯೋಚಿಸ್ತಿದ್ದೀನಿ. ನೀವು ಲಡಾಖಿನ ಮುಚ್ಚಳದ ಮಾತಾಡ್ತೀರಿ."

"ಇಳೀತೀನಿ ಸಾರ್," ಎಂದರು ರಾಯರು. ಎರಡೂ ಅಂಗೈಗಳನ್ನು ಕಲ್ಲಿಗೆ ಊರಿ, ಕೂತಲ್ಲಿಂದಲೇ ಜರುಗಿ ಕೆಳಗಿನ ಮೆಟ್ಟಿಲ ಮೇಲೆ ಕೂತರು. ಅಲ್ಲಿಂದ ಅದರ ಕೆಳಗಿನದಕ್ಕೆ.

ತೊಂದರೆ ಏನೆಂದರೆ ಆ ಮೆಟ್ಟಿಲುಗಳೆಲ್ಲ ಅಷ್ಟು ಹೆಂಗಸರು ಬೆಳಗಿನಿಂದ ಪೂಜೆ ಮಾಡಿದವು. ರಾಯರು ಜರುಗಿದಲ್ಲೆಲ್ಲ ಅರಿಶಿನ ಕುಂಕುಮ ಅವರ ಪಂಚೆಗೆ ಬರುತ್ತಿತ್ತು.

"ಅಯ್ಯೋ, ನಾವಿಟ್ಟಿದ್ದೆಲ್ಲ ಒರೆಸ್ಕೊಂಡು ಹೋಗ್ತಾರಲ್ಲರೀ," ಎಂದಳು ಒಬ್ಬಾಕೆ.

"ಹೋಗ್ಲಿ ಬಿಡಿ, ಅವರದ್ದು ಏನು ಹರಕೆಯೋ," ಎಂದಳು ಇನ್ನೊಬ್ಬಾಕೆ.

ಕುಂಕುಮವಿಲ್ಲದ ಜಾಗವಿದ್ದುದು ಮೆಟ್ಟಿಲ ಅಂಚಿನಲ್ಲಿ. ಆದರೆ ಅಂಚಿನಾಚೆ ಬಂಡೆ, ಬಂಡೆಯಾಚೆ ಬರೀ ಗಾಳಿ. ರಾಯರು ಒಮ್ಮೆ ಅಲ್ಲಿಗೆ ಸರಿದು ನೋಡಿ, ತಾಯಿ, ಪಾಪ ಬಂದರೆ ಬರಲಿ ಎಂದು ಮನಸ್ಸಿನಲ್ಲೇ ಕೈಮುಗಿದು ಮಧ್ಯಕ್ಕೆ ವಾಪಸಾದರು. ಸದಾಶಿವಯ್ಯನವರು ಹಿಂದೆ ಹಿಂದೆಯೇ ರಾಯರ ಪ್ರಸಾದದ ತಟ್ಟೆ ಹಿಡಿದುಕೊಂಡು, ಒಂದು ಮೆಟ್ಟಿಲು ಇಳಿದು ನಿಂತು, ಮತ್ತೊಂದು ಇಳಿದು ನಿಂತು ಬಂದರು. ಅವ್ವ ಯಾವಾಗಲೋ ಕೆಳಗೆ ಹೋಗಿ ಕಡಲೆಪುರಿ ಕೊಂಡು ತಿನ್ನುತ್ತ ಕೂತಿದ್ದರು. ಪಾದ ತಲಪಿದಾಗ ರಾಯರ ಪಂಚೆಯ ಹಿಂಭಾಗ ಮದುವೆ ಮನೆಯ ಹೊಸಲಿನಂತಾಗಿತ್ತು. ಸದಾಶಿವಯ್ಯನವರು ತಟ್ಟೆ ಕೊಟ್ಟು ಹೊರಟುಹೋದರು.

ಮಧ್ಯಾಹ್ನ ಆಫೀಸಿನಲ್ಲಿ ಕರೆ ಬಂತು. ರಾಯರು ಮೇಜಿನ ಮುಂದೆ ನಿಂತು ಆ ಒಂದು ಪೆನ್ಸಿಲನ್ನೇ ನೋಡುತ್ತಿದ್ದರು.

"ನಾನು ನಿಮ್ಮ ಹಿಂದೆಯೇ ಇಳಿದೆ," ಎಂದರು ಸದಾಶಿವಯ್ಯ. "ನನಗೇ ಬೇಜಾರಾಗಿ ಹೋಯ್ತು. ಬಿಟ್ಟು ಹೋಗಿಬಿಡೋಣ ಅಂತ ನಾಲ್ಕೈದು ಸಲ ಅನ್ನಿಸ್ತು. ನೀವು ಒಂದು ಮೆಟ್ಟಿಲೂ ಬಿಡಲಿಲ್ಲ. ಉಪ್ಪಿಟ್ಟಿನ ಮುಂದೆಯೂ ಹಾಗೇ ಕೂತಿರೋದಾದ್ರೆ ಹೋಗಿ ಬನ್ನಿ."

ವಿಷಯ ಆಫೀಸಿಗೆಲ್ಲ ಹೇಗೆ ಗೊತ್ತಾಯಿತೋ, ಸಂಜೆಯೊಳಗೆ ಗೊತ್ತಾಗಿತ್ತು. ಹುಣಸೆಮರದ ಕೆಳಗಿಂದ ಮಹದೇವು ಕೂಗಿ ಕೇಳಿದ: "ಸೋಮಿ, ಪಂಚೆ ಮಡಿವಾಳರ ಮನೆಗೆ ಓಯ್ತಾ, ಇಲ್ಲಾ ದೇವ್ರ ಮನೇಲಿ ಮಡಗಿದ್ದೀರಾ?" ನಂಜುಂಡಯ್ಯ ಮಾತ್ರ ಒಂದು ಚಪಾತಿಯ ಪೊಟ್ಟಣ ತಂದು, ದಾರಿಗಿರಲಿ ಎಂದು ಕೊಟ್ಟ. ರಾಯರಿಗೆ ಅದು ದೊಡ್ಡ ಅವಮಾನವಾಯಿತು. ತೆಗೆದುಕೊಂಡರು.

ಸೆಪ್ಟೆಂಬರಿನಲ್ಲಿ ರೈಲು ಅವರನ್ನು ಪಠಾಣಕೋಟೆಯವರೆಗೆ ಒಯ್ದಿತು, ಬಸ್ಸು ಶ್ರೀನಗರಕ್ಕೆ ಮುಟ್ಟಿಸಿತು. ಆಮೇಲೆ ಸೈನ್ಯದ ಲಾರಿ. ರಾಯರು ಎಡವೂ ಅಲ್ಲದ, ಬಲವೂ ಅಲ್ಲದ, ಮಧ್ಯವೂ ಅಲ್ಲದ ಒಂದು ಜಾಗ ಕಂಡುಹಿಡಿದಿದ್ದರು: ಹಿಂದೆ, ತಮ್ಮ ಪೊಟ್ಟಣದ ಪೆಟ್ಟಿಗೆಗಳ ಸಂದಿಯಲ್ಲಿ, ಪೆಟ್ಟಿಗೆಗಳ ಕಡೆ ಮುಖಮಾಡಿ. ದೊಡ್ಡ ಕಣಿವೆಯ ಏರಿನಲ್ಲಿ ಲಾರಿ ಹಿಂದಕ್ಕೂ ಮುಂದಕ್ಕೂ ಆಡಿ ತಿರುವು ತೆಗೆದುಕೊಳ್ಳುವಾಗ ಅವರು ಶಾರದ ಒತ್ತಾಯ ಮಾಡಿ ಕೊಟ್ಟಿದ್ದ ಕಂಬಳಿಯೊಳಗೆ ತಲೆ ಹಾಕಿಕೊಂಡು, ಬಾಯಿಗೆ ಬಂದ ದೇವರ ಹೆಸರನ್ನೆಲ್ಲ ಹೇಳಿದರು. ಎದುರಿಗೆ ಕೂತಿದ್ದ ಸೈನಿಕ, ಯಾರೋ ದೊಡ್ಡ ಭಕ್ತರು ಪ್ರಾರ್ಥನೆ ಮಾಡುತ್ತಿದ್ದಾರೆಂದು ಟೋಪಿ ತೆಗೆದು ಕೈಮುಗಿದು ಕೂತ. ಕಣಿವೆ ಕಳೆದ ಮೇಲೆ ಅವನು ಅವರ ಕಾಲು ಮುಟ್ಟಲು ಬಂದಾಗ ರಾಯರು ಪೆಟ್ಟಿಗೆಯ ಹಿಂದಕ್ಕೆ ಸರಿದರು.

ಕಂಬಳಿ ಸರಿಸಿ ಹೊರಗೆ ನೋಡಿದಾಗ ಹಸಿರು ಎಲ್ಲಿಯೋ ಹಿಂದೆ ಉಳಿದಿತ್ತು. ಬೆಟ್ಟಗಳ ಬಣ್ಣ ಹದವಾಗಿ ಹುರಿದ ರವೆಯದು. ಕೆಲವು ಕಡೆ ಇನ್ನೂ ಸ್ವಲ್ಪ ಹೆಚ್ಚು ಹುರಿದದ್ದು. ಅದರ ಮೇಲೆ ಕಡು ನೀಲಿ ಆಕಾಶ, ಒಂದು ಹಕ್ಕಿಯೂ ಇಲ್ಲ.

ಲೇಹಿನ ಆಚೆಯ ಒಂದು ಶಿಬಿರದಲ್ಲಿ ಪರೀಕ್ಷೆ ನಡೆಯಿತು. ಡೇರೆಯೊಳಗೆ ಹೊಗೆ, ಹೊರಗೆ ಗಾಳಿ. ರಾಯರು ಸೀಮೆಎಣ್ಣೆ ಸ್ಟೌ ಎತ್ತಿಕೊಂಡು ಗಾಳಿ ತಾಗದ ಜಾಗ ಹುಡುಕುತ್ತ ಹೋಗಿ, ಒಂದು ಕಲ್ಲುಗೋಡೆಯ ಮರೆ ಕಂಡು ಅಲ್ಲಿ ಹೂಡಿದರು. ನೀರು ಕುದಿಯಿತು. ಬೆರಳ ತುದಿ ಅದ್ದಿ ನೋಡಿದರು. ಸುಡಬೇಕಾದಷ್ಟು ಸುಡಲಿಲ್ಲ. ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಬಿಸಿ ಕಡಿಮೆ ಎಂದು ಅವರು ಪುಸ್ತಕದಲ್ಲಿ ಓದಿದ್ದೇ. ಅದಕ್ಕೆಂದು ಪೊಟ್ಟಣದ ಮೇಲಿನ ಸೂಚನೆಯಲ್ಲಿ ನೀರನ್ನೂ ಸ್ವಲ್ಪ ಹೆಚ್ಚು ಬರೆದಿದ್ದರು. ರವೆಗೆ ನೀರು ಸುರಿದು ಮುಚ್ಚಳ ಹಾಕಿ ಪಾತ್ರೆ ಮುಟ್ಟಿ ನೋಡಿದರು. ಆದರೆ ಸುರಿದ ಕ್ಷಣದಲ್ಲೇ ಚಳಿ ಪಾತ್ರೆಯ ಬಿಸಿಯನ್ನು ಹೀಗೆ ಕಸಿದುಕೊಂಡು ಹೋಗುತ್ತದೆಂದು ಮೈಸೂರಿನಲ್ಲಿ ಕೂತು ಹೇಗೆ ತಿಳಿಯಬೇಕು? ಪಾಪ, ಹಿಂದಿನ ಸಲ ಯಾರೂ ಮುಚ್ಚಳ ತೆಗೆದಿರಲಿಕ್ಕಿಲ್ಲ. ಮುಚ್ಚಳದ ಒಳಗೇ ಅದು ತಣ್ಣಗಾಗಿತ್ತು.

ರಾಯರು ಹೊದ್ದಿದ್ದ ಕಂಬಳಿಯನ್ನು ತೆಗೆದು ಪಾತ್ರೆಗೆ ಸುತ್ತಿದರು. ಸಾಲದೆಂದು ಮೇಲೆ ತಮ್ಮ ಮಫ್ಲರನ್ನೂ ಕಟ್ಟಿದರು. ಬರೀ ಕೋಟಿನಲ್ಲಿ ಹಲ್ಲು ಕಟಕಟ ಎನ್ನುತ್ತ, ಕೂಸನ್ನು ಕಾಯುವವರಂತೆ ಅದರ ಪಕ್ಕದಲ್ಲೇ ನಿಂತರು. ಜವಾನರು ತಟ್ಟೆ ಹಿಡಿದು ಬಂದರು. ಹವಾಲ್ದಾರ ಮುಚ್ಚಳಕ್ಕೆ ಕೈಹಾಕಿದಾಗ ರಾಯರು ಅವನ ಕೈಮೇಲೆ ಒಂದು ಏಟು ಕೊಟ್ಟರು. ಬಂದೂಕು ಹಿಡಿಯುವ ಕೈ ಅದು. ಅವನು ಕೈ ಹಿಂದಕ್ಕೆ ತೆಗೆದುಕೊಂಡು ನಿಂತ.

ಕೊನೆಗೆ ರಾಯರೇ ಬಿಚ್ಚಿ ಬಡಿಸಿದರು. ಆವಿಯೆದ್ದಿತು. ಹವಾಲ್ದಾರ ಒಂದು ತುತ್ತು ಬಾಯಿಗಿಟ್ಟು, ಹುಬ್ಬು ಮೇಲೇರಿಸಿದ.

"ಬಾಬೂಜಿ, ಹಲ್ವಾಕ್ಕೆ ಸಕ್ಕರೆ ಹಾಕೋದು ಮರೆತಿದ್ದೀರಿ. ಮೆಣಸಿನಕಾಯಿ ಬಿದ್ದುಬಿಟ್ಟಿದೆ."

"ಇದು ಹಲ್ವಾ ಅಲ್ಲ," ಎಂದರು ರಾಯರು, ಇಲಾಖೆಯ ಭಾಷಾ ಪರೀಕ್ಷೆಗೆಂದು ಕಲಿತ ಹಿಂದಿಯಲ್ಲಿ. "ಸಕ್ಕರೆ ವಿಷಯ ಬಿಡಿ. ಬೆಂದಿದೆಯೋ ಇಲ್ಲವೋ, ಅದನ್ನು ಹೇಳಿ."

ಹವಾಲ್ದಾರ ಜಗಿದ. ಇನ್ನೊಂದು ತುತ್ತು ತಿಂದು ಮತ್ತೆ ಜಗಿದ. ಪಕ್ಕದವನನ್ನು ನೋಡಿದ. ಪಕ್ಕದವನು ಆಗಲೇ ತಟ್ಟೆ ಮುಂದೆ ಚಾಚಿದ್ದ.

"ಬೆಂದಿದೆ," ಎಂದ.

ರಾಯರು ಒಂದು ದೊಡ್ಡ ಉಸಿರು ಬಿಟ್ಟು, ಮೈಸೂರು ಬಿಟ್ಟ ಮೇಲೆ ಮೊದಲ ಬಾರಿಗೆ, ನೆಮ್ಮದಿಯಾಗಿ ಸುತ್ತ ನೋಡಿದರು. ಗೋಡೆ ಅವರ ಒಂದು ಪಕ್ಕಕ್ಕಿತ್ತು. ಇನ್ನೊಂದು ಪಕ್ಕಕ್ಕೆ ಏನೂ ಇರಲಿಲ್ಲ. ಅವರ ಬೂಟಿನ ತುದಿಯಿಂದ ಆಚೆಗೆ ಬೆಟ್ಟ ನೇರ ಇಳಿದುಹೋಗಿತ್ತು. ತುಂಬ ಕೆಳಗೆ ನದಿಯೊಂದು ಸೂಜಿಯ ದಾರದಷ್ಟು ಸಣ್ಣಗೆ ಹರಿಯುತ್ತಿತ್ತು. ಅಷ್ಟು ಹೊತ್ತೂ ಅವರು ಅಲ್ಲೇ, ಅದರ ಅಂಚಿನಲ್ಲೇ, ಬೆನ್ನು ಹಾಕಿ ನಿಂತು ಉಪ್ಪಿಟ್ಟು ಕಾದಿದ್ದರು.

ಅವರು ಸೌಟನ್ನು ಹವಾಲ್ದಾರನ ಕೈಗೆ ಕೊಟ್ಟರು. ಗೋಡೆಗೆ ಬೆನ್ನು ಒತ್ತಿಕೊಂಡು ಮೆಲ್ಲಗೆ ಜಾರಿ ನೆಲದ ಮೇಲೆ ಕೂತು, ಎರಡೂ ಕೈಯಲ್ಲಿ ಕಲ್ಲುಗಳನ್ನು ಹಿಡಿದುಕೊಂಡರು.

"ಏನಾಯ್ತು ಬಾಬೂಜಿ? ಮೈಗೆ ಸರಿಯಿಲ್ಲವಾ? ಡೇರೆಗೆ ಬನ್ನಿ," ಎಂದು ಇಬ್ಬರು ಬಗ್ಗಿದರು.

"ಚೆನ್ನಾಗಿದ್ದೀನಿ," ಎಂದರು ರಾಯರು, ಕಣ್ಣು ಮುಚ್ಚಿಕೊಂಡೇ. "ನನಗೂ ಒಂದು ತಟ್ಟೆ ಇಲ್ಲಿಗೇ ಕೊಡಿ."